ಸಹಿ ಕಲಿಸಿದವರು ಓದು ಏಕೆ ಕಲಿಸಲಿಲ್ಲ?

ಸೆಪ್ಟೆಂಬರ್ 8 ಬಂತೆಂದರೆ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಒಂದು ಮೆರವಣಿಗೆ ಹೊರಡುತ್ತದೆ. ಶಾಲಾ ಮಕ್ಕಳ ಕೈಯಲ್ಲಿ ಫಲಕ, ಮುಂದೆ ಡೊಳ್ಳು, ಕೊನೆಗೊಂದು ಸಭೆ, ಸಭೆಯಲ್ಲಿ ಪ್ರತಿಜ್ಞೆ. ಯುನೆಸ್ಕೋ 1966ರಲ್ಲಿ ಘೋಷಿಸಿದ ಸಾಕ್ಷರತಾ ದಿನ 1967ರಿಂದ ಆಚರಣೆಯಾಗುತ್ತ ಬಂದಿದೆ. ವೇದಿಕೆಯ ಮೇಲೆ ವಯಸ್ಸಾದ ಒಬ್ಬ ಹೆಣ್ಣುಮಗಳನ್ನು ಕರೆದು ಕರಿಹಲಗೆಯ ಮೇಲೆ ಹೆಸರು ಬರೆಸುತ್ತಾರೆ. ಆಕೆ ಬರೆಯುತ್ತಾಳೆ, ಚಪ್ಪಾಳೆ ಬೀಳುತ್ತದೆ, ಮರುದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಆ ಫೋಟೋದ ಕೆಳಗಿನ ಎರಡು ಸಾಲನ್ನು ಆಕೆ ಓದಬಲ್ಲಳೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಾವು ಕೇಳುತ್ತಿದ್ದೇವೆ. ಮೂರೂವರೆ ದಶಕಗಳ ಸಾಕ್ಷರತಾ ಆಂದೋಲನ, ಎರಡೂವರೆ ದಶಕಗಳ ಸ್ವಸಹಾಯ ಸಂಘಗಳು ಸೇರಿ ಬಡ ಹೆಣ್ಣುಮಕ್ಕಳಿಗೆ ಖಚಿತವಾಗಿ ಕೊಟ್ಟ ವಿದ್ಯೆ ಸಹಿಯೊಂದೇ. ಹೆಬ್ಬೆಟ್ಟಿನ ಅವಮಾನ ತಪ್ಪಿದ್ದು ದೊಡ್ಡ ಮಾತೇ, ಅದನ್ನು ಹಗುರವಾಗಿ ಕಾಣುವವರು ನಾವಲ್ಲ. ಆದರೆ ಓದಲಾಗದ ಕಾಗದದ ಮೇಲೆ ಹಾಕಿದ ಸಹಿ ಹೆಬ್ಬೆಟ್ಟಿಗಿಂತ ಅಪಾಯಕಾರಿ. ಹೆಬ್ಬೆಟ್ಟು ಒತ್ತಿದವಳು ‘ನನಗೆ ಯಾರೂ ಓದಿ ಹೇಳಲಿಲ್ಲ’ ಎಂದು ವಾದಿಸಬಹುದಿತ್ತು. ಸಹಿ ಹಾಕಿದವಳಿಗೆ ಆ ಮಾತೂ ಉಳಿಯುವುದಿಲ್ಲ. ಓದಿ, ತಿಳಿದು, ಒಪ್ಪಿದ್ದೇನೆ ಎಂದು ಕಾಗದವೇ ಅವಳ ಪರವಾಗಿ ಮಾತಾಡಿಬಿಡುತ್ತದೆ.

ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾದದ್ದು 1988ರ ಮೇ 5ರಂದು. ಆಗ ಸಾಕ್ಷರತೆ ಎಂದರೆ ಏನೆಂದು ಸರಕಾರ ತಾನೇ ಬರೆದಿಟ್ಟ ಅಳತೆಗೋಲನ್ನು ಇಂದು ನೆನೆದರೆ ಆಶ್ಚರ್ಯವಾಗುತ್ತದೆ. ನಿಮಿಷಕ್ಕೆ 30 ಪದ ಗಟ್ಟಿಯಾಗಿ ಓದಬೇಕು, ಮನಸ್ಸಿನಲ್ಲಿ 35 ಪದ ಓದಬೇಕು, ನೋಡಿಕೊಂಡು 7 ಪದ, ಕೇಳಿಕೊಂಡು 5 ಪದ ಬರೆಯಬೇಕು, ನೂರರವರೆಗಿನ ಸಂಖ್ಯೆ ತಿಳಿದಿರಬೇಕು. ಇದಕ್ಕಾಗಿ ಮೂರು ಭಾಗದ ಪಠ್ಯ, ಒಟ್ಟು 200 ಗಂಟೆಗಳ ಕಲಿಕೆ. ಅಷ್ಟೇ ಅಲ್ಲ. ಕಲಿತವರು ತಮ್ಮ ವಂಚಿತ ಸ್ಥಿತಿಗೆ ಕಾರಣವೇನೆಂದು ಅರಿಯಬೇಕು, ಸಂಘಟಿತರಾಗಿ ಅದರಿಂದ ಹೊರಬರುವ ದಾರಿ ಹುಡುಕಬೇಕು ಎಂಬುದೂ ಆ ವ್ಯಾಖ್ಯೆಯೊಳಗೇ ಇತ್ತು. ಈ ಕೊನೆಯ ಮಾತನ್ನು ಮೆರವಣಿಗೆಯ ಯಾವ ಫಲಕದ ಮೇಲೂ ನಾವು ಕಂಡಿಲ್ಲ.

ಅದು ಕಾಗದದ ಮೇಲಿನ ಆದರ್ಶವಾಗಿತ್ತೆಂದು ಹೇಳುವಂತಿಲ್ಲ. ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ತೊಂಬತ್ತರ ದಶಕದ ಆರಂಭದಲ್ಲಿ ಸಾಕ್ಷರತಾ ಪಠ್ಯದೊಳಗೆ ಸೀತಮ್ಮ ಎಂಬ ಹೆಂಗಸಿನ ಕಥೆಯಿತ್ತು. ಊರಿನ ಸಾರಾಯಿ ಅಂಗಡಿಯನ್ನು ಹೆಂಗಸರು ಮುಚ್ಚಿಸಿದ ಕಥೆ ಅದು. ಓದು ಕಲಿಯುತ್ತಿದ್ದ ದೂಬಗುಂಟ ಗ್ರಾಮದ ಹೆಂಗಸರು ‘ಅವರಿಂದ ಆದದ್ದು ನಮ್ಮಿಂದೇಕೆ ಆಗದು’ ಎಂದು ಎದ್ದು ಹೋಗಿ ತಮ್ಮೂರಿನ ಅಂಗಡಿಯನ್ನೇ ಮುಚ್ಚಿಸಿದರು. 1992ರಲ್ಲಿ ಅದು ಜಿಲ್ಲೆಯಿಡೀ ಹಬ್ಬಿತು. 1993ರ ಅಕ್ಟೋಬರಿನಲ್ಲಿ ರಾಜ್ಯದಾದ್ಯಂತ ಸಾರಾಯಿ ನಿಷೇಧವಾಯಿತು. ಇನ್ನೊಂದು ಸಂಗತಿಯನ್ನೂ ಹೇಳಬೇಕು, ಆ ಪಾಠವನ್ನು ಆಮೇಲೆ ಪಠ್ಯದಿಂದ ತೆಗೆದುಹಾಕಲಾಯಿತು. ಹೆಣ್ಣುಮಕ್ಕಳು ಅಕ್ಷರ ಕಲಿಯುವುದು ಬೇಕಿತ್ತು, ಅವರು ಪಾಠವನ್ನು ನಿಜವೆಂದು ನಂಬಿಬಿಡುವುದು ಬೇಕಿರಲಿಲ್ಲ. ನಂತರ ಬಂದ ಕಾರ್ಯಕ್ರಮಗಳೆಲ್ಲ ಈ ಎಚ್ಚರಿಕೆಯಿಂದಲೇ ರೂಪುಗೊಂಡವೇನೋ ಎಂಬ ಅನುಮಾನ ನಮಗಿದೆ.

ಇನ್ನು ಅಂಕಿ ಅಂಶಗಳಿಗೆ ಬರೋಣ. 2001ರಲ್ಲಿ ದಾವಣಗೆರೆ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇಕಡಾ 58ರಷ್ಟಿತ್ತು, 2011ರ ಹೊತ್ತಿಗೆ ಸುಮಾರು 69ಕ್ಕೆ ಏರಿತು. ರಾಜ್ಯದ ಸರಾಸರಿಗಿಂತ ಕೂದಲೆಳೆಯಷ್ಟು ಮುಂದೆಯೇ. 2021ರಲ್ಲಿ ನಡೆಯಬೇಕಿದ್ದ ಗಣತಿ ಆಗ ನಡೆಯದ ಕಾರಣ ನಾವೆಲ್ಲ ಈ ಹಳೆಯ ಅಂಕಿಗಳನ್ನೇ ಹೊತ್ತು ತಿರುಗುತ್ತಿದ್ದೇವೆ. ಇರಲಿ. ಈ ಅಂಕಿ ಹುಟ್ಟುವ ಬಗೆ ನೋಡಿ. ಏಳು ವರ್ಷ ಮೇಲ್ಪಟ್ಟವರು ಯಾವುದಾದರೊಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲವರಾದರೆ ಅವರು ಸಾಕ್ಷರರು. ಗಣತಿದಾರ ಪರೀಕ್ಷೆ ಮಾಡುವುದಿಲ್ಲ, ಮಾಡುವುದಕ್ಕೆ ಅವನಿಗೆ ಪುರುಸೊತ್ತೂ ಇಲ್ಲ. ಬಾಗಿಲಲ್ಲಿ ನಿಂತ ಮನೆಯವರನ್ನು ಕೇಳುತ್ತಾನೆ. ‘ಓದ್ತಾರೇನ್ರಿ ನಿಮ್ಮ ಮನೆಯವ್ರು?’ ‘ಹ್ಞೂ, ಸಹಿ ಮಾಡ್ತಾಳ್ರಿ.’ ಆಯಿತು, ಒಬ್ಬಳು ಸಾಕ್ಷರಳು.

ದಾವಣಗೆರೆ 1997ರ ಆಗಸ್ಟ್ 15ರಂದು ಜಿಲ್ಲೆಯಾದ ಊರು. ಅದಕ್ಕೂ ಬಹಳ ಮೊದಲೇ ಅದು ಹತ್ತಿ ಗಿರಣಿಗಳ ಊರಾಗಿ ಹೆಸರಾಗಿತ್ತು. ಗಿರಣಿಗಳು ಒಂದೊಂದಾಗಿ ನಿಂತವು. ಹದಿನಾಲ್ಕು ಕಿಲೋಮೀಟರ್ ಆಚೆ ತುಂಗಭದ್ರೆಯ ದಡದ ಹರಿಹರದಲ್ಲಿ 1941ರಿಂದ ಯಂತ್ರಗಳನ್ನು ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಹೊಸ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಗಂಡಸರ ಸಂಬಳ ನಿಂತ ಮನೆಗಳಲ್ಲಿ ಹೆಂಗಸರ ಕೈ ಕೆಲಸವೇ ಒಲೆ ಉರಿಸಿತು. ಬಾಷಾ ನಗರ, ಆಜಾದ್ ನಗರದ ಕಡೆ ಹೋದವರಿಗೆ ಇದು ಗೊತ್ತು. ಮಂಡಕ್ಕಿ ಭಟ್ಟಿಯಲ್ಲಿ ಬತ್ತ ನೆನೆಹಾಕುವುದು, ಒಣಗಿಸುವುದು, ಬಿಸಿ ಮರಳಿನ ಮುಂದೆ ನಿಲ್ಲುವುದು. ಹೊರಗಿನಿಂದ ಬಂದವರು ದಾವಣಗೆರೆಯ ಖಾರ ಮಂಡಕ್ಕಿ ಮೆಣಸಿನಕಾಯಿಯನ್ನು ಹೊಗಳುತ್ತಾರೆ, ಅದರ ಹಿಂದಿನ ಹೊಗೆ ಅವರ ತಟ್ಟೆಗೆ ಬರುವುದಿಲ್ಲ. ಎರಡೂ ಊರುಗಳ ಇಕ್ಕಟ್ಟಾದ ಓಣಿಗಳಲ್ಲಿ ಹೊಸ್ತಿಲ ಮೇಲೆ ಕೂತು, ಮೊರದಲ್ಲಿ ಎಲೆ ಮತ್ತು ತಂಬಾಕು ಇಟ್ಟುಕೊಂಡು ಬೀಡಿ ಸುತ್ತುವವರಿದ್ದಾರೆ. ಇತ್ತ ಮಲೆಬೆನ್ನೂರಿನ ಸುತ್ತ ಭದ್ರಾ ನಾಲೆಯ ನೀರು ಹರಿಯುವ ಗದ್ದೆಗಳಲ್ಲಿ ನಾಟಿ ಮಾಡುವ ಹೆಂಗಸರ ಗುಂಪುಗಳು ಎಕರೆಗಿಷ್ಟು ಎಂದು ಮಾತಾಡಿಕೊಂಡು ಬಗ್ಗಿದ ಬೆನ್ನು ಎತ್ತದೆ ದುಡಿಯುತ್ತವೆ.

ಇವರಿಗೆ ಲೆಕ್ಕ ಬಾರದೆಂದು ಯಾರು ಹೇಳಿದರು? 25ರ ಕಟ್ಟು, ಸಾವಿರಕ್ಕೆ 40 ಕಟ್ಟು ಎಂಬುದನ್ನು ಬೀಡಿ ಸುತ್ತುವವಳು ಬೆರಳ ತುದಿಯಲ್ಲೇ ಎಣಿಸುತ್ತಾಳೆ. ಅವಳಿಗೆ ಗೊತ್ತಿಲ್ಲದಿರುವುದು ಗುತ್ತಿಗೆದಾರ ಪುಸ್ತಕದಲ್ಲಿ ಏನು ಬರೆದುಕೊಂಡ ಎಂಬುದು. ಕೊಟ್ಟದ್ದು ಸಾವಿರ, ಕಳಪೆಯೆಂದು ಪಕ್ಕಕ್ಕೆ ಹಾಕಿದ್ದು ಎಷ್ಟು, ಎಲೆ ಕಡಿಮೆ ಬಿತ್ತೆಂದು ಕಡಿದದ್ದು ಎಷ್ಟು, ಬರೆದದ್ದು ಎಷ್ಟು? 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಸುತ್ತುವವರನ್ನೂ ಕಾರ್ಮಿಕರೆಂದು ಒಪ್ಪಿತ್ತು. 1976ರಲ್ಲಿ ಅವರಿಗಾಗಿ ಕಲ್ಯಾಣ ನಿಧಿಯೂ ಬಂತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ನಿಧಿಗೆ ಹಣ ಒದಗಿಸುತ್ತಿದ್ದ ಸೆಸ್ ರದ್ದಾಯಿತು. ಇಷ್ಟೂ ವರ್ಷ ಈ ಹಕ್ಕುಗಳೆಲ್ಲ ಗುರುತಿನ ಚೀಟಿಯಲ್ಲಿ, ಪುಸ್ತಕದಲ್ಲಿ, ಅರ್ಜಿಯಲ್ಲಿ ಬರೆದುಕೊಂಡಿದ್ದವು. ಬರೆದದ್ದನ್ನು ಓದಬಲ್ಲವರು ಮಾತ್ರ ಪಡೆದರು. ಬೀಡಿಯ ಲೆಕ್ಕದ ಪುಸ್ತಕವನ್ನೇ ಪಠ್ಯವನ್ನಾಗಿ ಇಟ್ಟುಕೊಂಡು ಓದು ಕಲಿಸಿದ ಒಂದು ತರಗತಿಯನ್ನಾದರೂ ನಾವು ಈ ಓಣಿಗಳಲ್ಲಿ ನೋಡಲಿಲ್ಲ. ಕಮಲ, ಬಸವ, ಸರಸ ಎಂದೇ ಶುರುವಾಯಿತು, ಅಲ್ಲಿಗೇ ಮುಗಿಯಿತು.

ಸರಕಾರಿ ಯೋಜನೆಗಳಿಗೆ ಇನ್ನೊಂದು ವಿಚಿತ್ರ ರೋಗವಿದೆ. 2009ರ ಸೆಪ್ಟೆಂಬರ್ 8ರಂದು ಆರಂಭವಾದ ‘ಸಾಕ್ಷರ ಭಾರತ್’ ಮಹಿಳೆಯರನ್ನೇ ಮುಖ್ಯವಾಗಿಟ್ಟುಕೊಂಡ ಯೋಜನೆ. ಮಹಿಳಾ ಸಾಕ್ಷರತೆ ತೀರ ಕಡಿಮೆಯಿದ್ದ ಜಿಲ್ಲೆಗಳನ್ನು ಆರಿಸಿ, ಗ್ರಾಮ ಪಂಚಾಯಿತಿಗೊಂದು ಲೋಕ ಶಿಕ್ಷಣ ಕೇಂದ್ರ, ಇಬ್ಬರು ಪ್ರೇರಕರು, ತಿಂಗಳಿಗೆ 2,000 ರೂಪಾಯಿ ಗೌರವಧನ ಎಂಬ ವ್ಯವಸ್ಥೆ ಮಾಡಲಾಯಿತು. ಗ್ರಾಮಾಂತರ ಪ್ರದೇಶಕ್ಕೆ ಮಾತ್ರ. ಮಳೆ ಕೈಕೊಟ್ಟು ಹಳ್ಳಿಯಿಂದ ದಾವಣಗೆರೆಗೆ ಗುಳೆ ಬಂದು ಭಟ್ಟಿಯ ಪಕ್ಕದ ಗುಡಿಸಲಲ್ಲಿ ನೆಲೆಸಿದ ಹೆಣ್ಣುಮಗಳು ಅಂಥ ಯೋಜನೆಯ ಕಣ್ಣಿಗೆ ಆ ದಿನದಿಂದಲೇ ನಗರವಾಸಿ! ಅವಳ ಅಕ್ಷರಹೀನತೆ ಅವಳೊಂದಿಗೆ ಬಸ್ಸು ಹತ್ತಿ ಬಂತು, ಯೋಜನೆ ಊರಿನ ಗಡಿಯಲ್ಲೇ ನಿಂತಿತು. 2018ರ ಮಾರ್ಚ್ 31ಕ್ಕೆ ಆ ಯೋಜನೆಯೂ ಮುಗಿಯಿತು, ಪ್ರೇರಕರು ಮನೆಗೆ ಹೋದರು. ಕಲಿತ ಅಕ್ಷರ ಮುಂದೆ ಓದಲು ಏನೂ ಸಿಗದಿದ್ದರೆ ಮರೆತುಹೋಗುತ್ತದೆ. 2022ರಿಂದ 2027ರವರೆಗೆಂದು ರೂಪಿಸಿದ ‘ಉಲ್ಲಾಸ್’ ಕಾರ್ಯಕ್ರಮ ನಗರವನ್ನೂ ಒಳಗೊಂಡಿದೆ, ಅದನ್ನು ಸ್ವಾಗತಿಸುತ್ತೇವೆ. ಆದರೆ ಕಲಿಸುವವರು ಸಂಬಳವಿಲ್ಲದ ಸ್ವಯಂಸೇವಕರು. ಕೊನೆಗೆ 150 ಅಂಕಗಳ ಪರೀಕ್ಷೆ. 2024ರಲ್ಲಿ ಲಡಾಖ್, 2025ರಲ್ಲಿ ಮಿಜೋರಾಂ, ಗೋವಾ ಹೀಗೆ ಪೂರ್ಣ ಸಾಕ್ಷರತೆಯ ಘೋಷಣೆಯ ಸರದಿ ಶುರುವಾಗಿದೆ. ನಮ್ಮ ಸರದಿಯೂ ಬರುತ್ತದೆ ಬಿಡಿ.

ಮುಸ್ಲಿಂ ಹೆಣ್ಣುಮಕ್ಕಳ ವಿಷಯ ಬಂದಾಗ ಅಧಿಕಾರಿಗಳ ಬಾಯಲ್ಲಿ ಸಿದ್ಧ ಉತ್ತರವೊಂದಿರುತ್ತದೆ: ‘ಅವರು ಹೊರಗೇ ಬರೋದಿಲ್ಲ.’ 2001ರ ಜನಗಣತಿಯಲ್ಲಿ ಕರ್ನಾಟಕದ ಮುಸ್ಲಿಮರ ಸಾಕ್ಷರತೆ ಶೇಕಡಾ 70ರಷ್ಟಿತ್ತು, ರಾಜ್ಯದ ಸರಾಸರಿ 67ರ ಆಸುಪಾಸು. ಧರ್ಮವೇ ತಡೆಗೋಡೆಯಾಗಿದ್ದರೆ ಈ ಅಂಕಿ ಹೀಗಿರುತ್ತಿರಲಿಲ್ಲ. ನಿಜವಾದ ತೊಡಕು ಬೇರೆ ಕಡೆಯಿದೆ. ಈ ಓಣಿಗಳಲ್ಲಿ ಮನೆಯ ಮಾತು ದಖ್ಖನಿ ಉರ್ದು. ಅನೇಕ ತಾಯಂದಿರು ಬಾಲ್ಯದಲ್ಲಿ ಮದರಸಾದಲ್ಲಿ ಕಲಿತ ಅರಬ್ಬಿ ಅಕ್ಷರಗಳನ್ನು ಇಂದಿಗೂ ಸರಾಗವಾಗಿ ಓದುತ್ತಾರೆ. ಬಲದಿಂದ ಎಡಕ್ಕೆ ಬೆರಳಿಟ್ಟು, ಸ್ವರ ತಪ್ಪದಂತೆ. ಅರ್ಥ ತಿಳಿಯದು ಎಂಬ ಕಾರಣಕ್ಕೆ ಗಣತಿ ಅವರನ್ನು ನಿರಕ್ಷರಿ ಎನ್ನುತ್ತದೆ. ಆದರೆ ಅಕ್ಷರವೆಂದರೆ ಧ್ವನಿಯ ಗುರುತು, ಗುರುತುಗಳನ್ನು ಕೂಡಿಸಿದರೆ ಮಾತು ಎಂಬ ಮೂಲ ಗುಟ್ಟು ಅವರಿಗೆ ಎಂದೋ ತಿಳಿದಿದೆ. ಕಲಿಕೆಯ ಕಷ್ಟದ ಭಾಗವನ್ನು ಅವರು ದಾಟಿ ನಿಂತಿದ್ದಾರೆ. ಅಂಥವಳ ಮುಂದೆ ಏನೂ ಅರಿಯದವಳೆಂಬಂತೆ ‘ಅ’ ಎಂದರೆ ಅಗಸ ಎಂದು ಶುರುಮಾಡಿದರೆ ಅವಳಿಗೆ ಬೇಸರ ಬರದೆ ಇನ್ನೇನಾಗುತ್ತದೆ? ಅವಳಿಗೆ ಬೇಕಾದದ್ದು ತಿಳಿದ ಅಕ್ಷರದಿಂದ ತಿಳಿಯದ ಅಕ್ಷರಕ್ಕೆ ದಾಟಿಸುವ ಒಂದು ಚಿಕ್ಕ ಪುಸ್ತಕ. ‘ಬೇ’ ಎಂಬುದು ಇಲ್ಲಿ ‘ಬ’, ‘ಮೀಮ್’ ಎಂಬುದು ಇಲ್ಲಿ ‘ಮ’. ಇಷ್ಟು ವರ್ಷಗಳಲ್ಲಿ ಅಂಥದೊಂದು ಪುಸ್ತಕ ಯಾವ ಕಾರ್ಯಕರ್ತೆಯ ಕೈಯಲ್ಲೂ ನಮಗೆ ಕಾಣಲಿಲ್ಲ. ನಮ್ಮ ಉರ್ದು ಸಂಸ್ಥೆಗಳು ಮುಶಾಯಿರಾಗಳಿಗೆ ಖರ್ಚು ಮಾಡುವ ಉತ್ಸಾಹದಲ್ಲಿ ಹತ್ತನೆಯ ಒಂದು ಪಾಲು ಸಾಕಿತ್ತು.

ಕನ್ನಡ ಏಕೆ ಎಂದು ಕೇಳುವವರು ನಮ್ಮೊಳಗೂ ಇದ್ದಾರೆ. ಏಕೆಂದರೆ ಪಡಿತರ ಅಂಗಡಿಯ ಹಲಗೆ ಕನ್ನಡದಲ್ಲಿದೆ, ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯ ಮೇಲಿನ ಬರಹ ಕನ್ನಡದಲ್ಲಿದೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಯಿತು, ಅದರ ಹಣೆಯ ಮೇಲಿನ ಊರಿನ ಹೆಸರೂ ಕನ್ನಡದಲ್ಲೇ ಇದೆ. ಟಿಕೆಟ್ಟಿಗೆ ದುಡ್ಡು ಬೇಡ, ಆದರೆ ಇದು ಯಾವೂರಿನ ಬಸ್ಸೆಂದು ಪಕ್ಕದ ಗಂಡಸನ್ನು ಕೇಳಲೇಬೇಕು. ನೆರೆಯ ಶಿವಮೊಗ್ಗದಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳನ್ನು, ಆರು ತಿಂಗಳೊಳಗೆ ಕನ್ನಡ ಓದಿ ಬರೆಯಬೇಕೆಂಬ ಷರತ್ತಿನ ಮೇಲೆ ಕನ್ನಡ ಶಾಲೆಗೆ ಸೇರಿಸಿಕೊಂಡರು. ಆಕೆ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರೇ ಆ ಹುಡುಗಿ. ಅವರ ಹೆಸರಿನಲ್ಲಿ ಸನ್ಮಾನ ಸಭೆ ಮಾಡಿದವರು ಅವರಿಗೆ ಅಂದು ಸಿಕ್ಕ ಆ ಶಾಲೆಯ ಬಾಗಿಲನ್ನೂ ನೆನೆಯಲಿ.

ಈಗ ಸಾಲದ ವಿಷಯ. ಮಹಿಳಾ ಸಬಲೀಕರಣ ಎಂಬ ಮಾತು ಇಂದು ಹಳ್ಳಿಯಲ್ಲಾಗಲಿ ಓಣಿಯಲ್ಲಾಗಲಿ ‘ಸಂಘ’ ಎಂಬ ಎರಡಕ್ಷರಕ್ಕೆ ಇಳಿದಿದೆ, ಸಂಘ ಎಂದರೆ ಸಾಲ. 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. 2000ದಲ್ಲಿ ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ಅಂಗನವಾಡಿ ಕಾರ್ಯಕರ್ತೆಯ ಸುತ್ತ ಹದಿನೈದಿಪ್ಪತ್ತು ಹೆಂಗಸರು ಕೂತು ವಾರಕ್ಕಿಷ್ಟೆಂದು ಉಳಿತಾಯ ಮಾಡಿದರು. ಬಡ್ಡಿ ಸಾಹುಕಾರನ ಹಿಡಿತ ಎಷ್ಟೋ ಮನೆಗಳಲ್ಲಿ ಸಡಿಲವಾದದ್ದು ಈ ಸಂಘಗಳಿಂದಲೇ, ಅದನ್ನು ಅಲ್ಲಗಳೆಯುವುದು ಅನ್ಯಾಯ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನ ಹೆಸರು ಲೋಕಪ್ರಸಿದ್ಧವಾಯಿತು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಆ ಬ್ಯಾಂಕು ಸದಸ್ಯೆಯರಿಗೆ ಸಾಲ ಕೊಡುವ ಮುನ್ನ ಹೆಸರು ಬರೆಯಲು ಕಲಿಸುತ್ತಿತ್ತು. ನಮ್ಮಲ್ಲಿಯೂ ಅದೇ ನಡೆಯಿತು. ಅಂದರೆ ಸಾಲ ಕೊಡುವವನಿಗೆ ಎಷ್ಟು ಸಾಕ್ಷರತೆ ಬೇಕೋ ಅಷ್ಟು ಸಾಕ್ಷರತೆ ಹಬ್ಬಿತು!

ಉಳಿತಾಯದ ಸಂಘಗಳ ಬೆನ್ನ ಹಿಂದೆಯೇ ಕಿರು ಸಾಲದ ಕಂಪೆನಿಗಳು ಬಂದವು. ಒಂದು ಲೆಕ್ಕ ನೋಡೋಣ. 10,000 ರೂಪಾಯಿ ಸಾಲ, ವಾರಕ್ಕೆ 225ರಂತೆ 50 ಕಂತು. ಒಟ್ಟು ಕಟ್ಟುವುದು 11,250. ‘ನೂರಕ್ಕೆ ಹನ್ನೆರಡೂವರೆ ಅಷ್ಟೇ ಅಕ್ಕಾ’ ಎನ್ನುತ್ತಾನೆ ಬಂದ ಹುಡುಗ. ಆದರೆ ಮೊದಲ ವಾರದಿಂದಲೇ ಅಸಲು ಕರಗುತ್ತ ಹೋಗುತ್ತದೆ. ವರ್ಷದುದ್ದಕ್ಕೂ ಅವಳ ಕೈಯಲ್ಲಿದ್ದದ್ದು ಸರಾಸರಿ 5,000 ಚಿಲ್ಲರೆ ಮಾತ್ರ. ಅದಕ್ಕೆ 1,250 ಬಡ್ಡಿ ಎಂದರೆ ನೂರಕ್ಕೆ ಸುಮಾರು ಇಪ್ಪತ್ತೈದು. ಇದರ ಮೇಲೆ ವಿಮೆ, ಅರ್ಜಿ ಶುಲ್ಕ ಎಂದು ಮುಂಚೆಯೇ ಹಿಡಿದುಕೊಂಡದ್ದು ಬೇರೆ. ಬೀಡಿಯ ಕಟ್ಟನ್ನು ಕಣ್ಣು ಮುಚ್ಚಿ ಎಣಿಸುವವಳಿಗೆ ಈ ಲೆಕ್ಕ ಅರ್ಥವಾಗದೆಂದು ಯಾರೂ ಹೇಳಬೇಡಿ. ಅರ್ಧ ಗಂಟೆ ಕೂತು ಹೇಳಿದರೆ ಅರ್ಥವಾಗುತ್ತದೆ. ಹೇಳಿದರೆ ಸಾಲ ತೆಗೆದುಕೊಳ್ಳುವ ಮೊದಲು ಎರಡು ಬಾರಿ ಯೋಚಿಸುತ್ತಾಳೆ, ಆದ್ದರಿಂದಲೇ ಹೇಳುವುದಿಲ್ಲ. ಆಜಾದ್ ನಗರದ ಒಂದು ಮನೆಯಲ್ಲಿ ಒಬ್ಬ ತಾಯಿ ನಾಲ್ಕು ಕಾರ್ಡುಗಳನ್ನು ನಮ್ಮ ಮುಂದೆ ಹರಡಿ, ‘ಇದ್ರಾಗ ಯಾವ್ದು ಮುಗ್ದತಿ, ಯಾವ್ದು ಉಳ್ದತಿ ನೋಡ್ರಿ ಭಾಯ್’ ಎಂದರು. ನಾಲ್ಕರ ಮೇಲೂ ಅವರದೇ ಅಂದವಾದ ಸಹಿಯಿತ್ತು.

ರಿಸರ್ವ್ ಬ್ಯಾಂಕ್ 2022ರ ಮಾರ್ಚಿನಲ್ಲಿ ಕೊಟ್ಟ ನಿರ್ದೇಶನದ ಪ್ರಕಾರ ಕಿರು ಸಾಲದ ಕರಾರು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅಡಮಾನ ಕೇಳಬಾರದು, ಕುಟುಂಬದ ಎಲ್ಲ ಸಾಲದ ಕಂತುಗಳು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಒಳ್ಳೆಯ ನಿಯಮ. ಆದರೆ ಭಾಷೆ ಅರ್ಥವಾಗುವುದು ಬೇರೆ, ಬರಹ ಓದಲಾಗುವುದು ಬೇರೆ. ಕನ್ನಡ ಚೆನ್ನಾಗಿ ಮಾತಾಡುವ ನಾಟಿಯ ಹೆಂಗಸಿನ ಕೈಗೆ ಕನ್ನಡದ ಆರು ಪುಟ ಕೊಟ್ಟರೂ ಅದು ಅವಳ ಪಾಲಿಗೆ ಚೀನೀ ಲಿಪಿಯೇ. ‘ಓದಿ ಹೇಳಬೇಕು, ಹೇಳಿದ್ದಕ್ಕೆ ಅವಳದೇ ಓಣಿಯ ಸಾಕ್ಷಿ ಬೇಕು’ ಎಂದು ಬರೆಯಲು ಏನು ಅಡ್ಡಿಯಿತ್ತು?

ಇದರ ಫಲ ಏನಾಯಿತೆಂಬುದನ್ನು 2025ರ ಜನವರಿಯಲ್ಲಿ ರಾಜ್ಯವೇ ನೋಡಿತು. ಹರಿಹರದಿಂದ ಸೇತುವೆ ದಾಟಿದರೆ ಸಿಗುವ ಹಾವೇರಿ ಜಿಲ್ಲೆಯ ಹೆಂಗಸರು ತಮ್ಮ ಮಾಂಗಲ್ಯವನ್ನು ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳಿಸಿದರು. ವಸೂಲಿಗಾರರ ಕಾಟಕ್ಕೆ ಜನ ಊರು ಬಿಟ್ಟರು, ಜೀವ ಕಳೆದುಕೊಂಡವರೂ ಇದ್ದರು. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು. ಬಲವಂತದ ವಸೂಲಿಗೆ ಶಿಕ್ಷೆ ಬೇಕೇ ಬೇಕಿತ್ತು. ಆದರೆ ಕಾನೂನು ಬಂದದ್ದು ವಸೂಲಿಯ ಹಂತಕ್ಕೆ, ಸಹಿಯ ಹಂತಕ್ಕಲ್ಲ.

ನಮ್ಮ ಸಮುದಾಯ ಇದಕ್ಕೂ ಮೊದಲೇ ಒಂದು ಪಾಠ ಕಲಿಯಬೇಕಿತ್ತು. 2009ರಲ್ಲಿ ಕೋಲಾರದ ಅಂಜುಮನ್ ಸಮಿತಿ ಕಿರು ಸಾಲದ ಕಂತು ಕಟ್ಟಬೇಡಿ ಎಂದು ಮುಸ್ಲಿಂ ಮಹಿಳೆಯರಿಗೆ ಅಪ್ಪಣೆ ಮಾಡಿತು. ಅದು ರಾಮನಗರ, ಮೈಸೂರಿನ ಕಡೆಗೂ ಹಬ್ಬಿತು. ಬಡ್ಡಿಯ ಶೋಷಣೆಯ ವಿರುದ್ಧ ದನಿಯೆತ್ತಿದ್ದು ತಪ್ಪಲ್ಲ. ಆದರೆ ಸಭೆಯಲ್ಲಿ ಕೂತು ತೀರ್ಮಾನಿಸಿದವರು ಗಂಡಸರು, ಸಹಿ ಮಾಡಿದವರು ಹೆಂಗಸರು. ಸಾಲ ಕೊಡುವಾಗ ಅವಳಿಗೆ ತಿಳಿಸಿ ಹೇಳಿದವರಿಲ್ಲ, ಕಟ್ಟಬೇಡ ಎನ್ನುವಾಗ ಅವಳ ಅಭಿಪ್ರಾಯ ಕೇಳಿದವರಿಲ್ಲ. ಮುಂದೆ ಆ ಬಡಾವಣೆಗಳಿಗೆ ಸಾಲ ಕೊಡುವುದನ್ನೇ ಕಂಪೆನಿಗಳು ನಿಲ್ಲಿಸಿದಾಗ ಮತ್ತೆ ಸಾಹುಕಾರನ ಬಾಗಿಲಿಗೆ ಹೋದವಳೂ ಅವಳೇ.

ಓದು ಎಂಬ ಆಜ್ಞೆಯಿಂದಲೇ ನಮ್ಮ ಧರ್ಮ ಆರಂಭವಾಯಿತೆಂದು ಪ್ರತಿ ಜಲ್ಸಾದಲ್ಲಿ ಹೇಳುತ್ತಾರೆ. ಅದೇ ವಾರ ಅದೇ ಜಮಾಅತಿನಲ್ಲಿ ನಡೆಯುವ ನಿಕಾಹಿನಲ್ಲಿ ಮದುಮಗಳ ಕೋಣೆಗೆ ಪುಸ್ತಕ ಹೋಗುತ್ತದೆ, ಯಾರೋ ಬೆರಳಿಟ್ಟು ತೋರಿಸಿದ ಜಾಗದಲ್ಲಿ ಅವಳು ಸಹಿ ಮಾಡುತ್ತಾಳೆ, ಪುಸ್ತಕ ಹೊರಗೆ ಬರುತ್ತದೆ. ಮಹರ್ ಎಷ್ಟೆಂದು ಬರೆದಿದ್ದಾರೆ, ನಗದೋ ಬಾಕಿಯೋ ಎಂಬುದು ಅವಳಿಗೆ ವರ್ಷಗಳ ನಂತರ, ತಂಟೆ ಬಂದಾಗ ತಿಳಿಯುತ್ತದೆ. ಸಾಲದ ಕಂಪೆನಿಯ ಹುಡುಗನಿಗೂ ಈ ಹಿರಿಯರಿಗೂ ಈ ಒಂದು ವಿಷಯದಲ್ಲಿ ಏನು ವ್ಯತ್ಯಾಸ?

ಇವರ ಮಕ್ಕಳಾದರೂ ದಾಟಿದರೆಂದುಕೊಂಡರೆ 2022 ಬಂತು. ಆ ಫೆಬ್ರವರಿಯಲ್ಲಿ ಹಿಜಾಬ್ ಹೆಸರಿನಲ್ಲಿ ದಾವಣಗೆರೆ, ಹರಿಹರಗಳಲ್ಲಿ ಕಲ್ಲು ತೂರಾಟ ನಡೆದು ನಿಷೇಧಾಜ್ಞೆ ಜಾರಿಯಾಯಿತು. ಮಾರ್ಚ್ 15ಕ್ಕೆ ಹೈಕೋರ್ಟ್ ನಿರ್ಬಂಧವನ್ನು ಎತ್ತಿಹಿಡಿಯಿತು, ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ತಾಯಿಗೆ ಸಾಲದ ಕಾರ್ಡು ಓದಿ ಹೇಳಬೇಕಾದ ಮಗಳನ್ನು ಕಾಲೇಜಿನ ಗೇಟಿನಲ್ಲಿ ನಿಲ್ಲಿಸಿದ ಸರಕಾರವೇ ಆ ವರ್ಷದ ಸೆಪ್ಟೆಂಬರ್ 8ರಂದೂ ಸಾಕ್ಷರತೆಯ ಪ್ರತಿಜ್ಞೆ ಬೋಧಿಸಿತು.

ಹಾಗಾದರೆ ಏನು ಮಾಡಬೇಕು ಎಂದರೆ, ಹೊಸ ಯೋಜನೆ ಬೇಡ. ಇರುವ ‘ಉಲ್ಲಾಸ್’ ತರಗತಿಗಳ ಪಠ್ಯಕ್ಕೆ ಸಾಲದ ಕಾರ್ಡು, ಬೀಡಿ ಲೆಕ್ಕದ ಪುಸ್ತಕ, ಗೃಹಲಕ್ಷ್ಮಿಯ 2,000 ಜಮೆಯಾದಾಗ ಫೋನಿಗೆ ಬರುವ ಸಂದೇಶ, ಬಸ್ಸಿನ ಹಲಗೆ ಬರಲಿ. ಸಂಜೆ ಏಳಕ್ಕೆ ತರಗತಿ ಇಟ್ಟು ಹೆಂಗಸರು ಬರಲಿಲ್ಲವೆಂದು ಬರೆದುಕೊಳ್ಳುವುದನ್ನು ನಿಲ್ಲಿಸಲಿ, ಅದು ರೊಟ್ಟಿ ಬಡಿಯುವ ಹೊತ್ತು, ಮರುದಿನದ ಬೀಡಿ ಮುಗಿಸುವ ಹೊತ್ತು. ಲುಹರ್ ನಮಾಜು ಮುಗಿದ ಮೇಲೆ ಅಸರ್‌ವರೆಗೆ ನಮ್ಮ ಮದರಸಾಗಳ ಕೋಣೆಗಳು ಖಾಲಿ ಬಿದ್ದಿರುತ್ತವೆ. ಆ ಕೋಣೆಯ ಬೀಗದ ಕೈ ಕೇಳಲು ಸರಕಾರಿ ಆದೇಶ ಬೇಕಿಲ್ಲ. ಕಾಲೇಜು ಓದುವ ಹೆಣ್ಣುಮಕ್ಕಳು ಪ್ರತಿ ಓಣಿಯಲ್ಲೂ ಇದ್ದಾರೆ, ಅವರಿಗೆ ತಿಂಗಳಿಗಿಷ್ಟು ಎಂದು ಕೊಟ್ಟು ಕಲಿಸಲು ಕೂರಿಸಿ. ಪುಕ್ಕಟೆ ಸೇವೆಯ ಉಪದೇಶ ಅವರಿಗೆ ಬೇಡ. ಇನ್ನು ನಿಕಾಹಿನ ವಿಷಯದಲ್ಲಿ ದಾವಣಗೆರೆ, ಹರಿಹರ, ಮಲೆಬೆನ್ನೂರಿನ ಜಮಾಅತ್ ಕಮಿಟಿಗಳು ಮುಂದಿನ ಶುಕ್ರವಾರವೇ ತೀರ್ಮಾನ ಮಾಡಬಹುದು. ಪುಸ್ತಕ ಮದುಮಗಳ ಕೋಣೆಗೆ ಹೋಗುವಾಗ ಓದಬಲ್ಲ ಒಬ್ಬ ಹೆಂಗಸು ಜೊತೆಗೆ ಹೋಗಲಿ, ಬರೆದದ್ದನ್ನೆಲ್ಲ ಅವಳ ಮಾತಿನಲ್ಲಿ ಗಟ್ಟಿಯಾಗಿ ಓದಿ ಹೇಳಲಿ, ಆಮೇಲೆ ಲೇಖನಿ ಕೊಡಲಿ. ಬಿರಿಯಾನಿ ಹತ್ತು ನಿಮಿಷ ತಡವಾಗುತ್ತದೆ, ಅಷ್ಟೇ.